ಸೋಲಾರ್‌ಗೆ ಮುಂಚೆ ಮೋಟಾರು ನೋಡಿಸಿ

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವಲಯದಲ್ಲಿರುವ 40 ಮನೆಗಳ, ಐದು ಅಂತಸ್ತಿನ ಅಪಾರ್ಟ್‌ಮೆಂಟ್. ಎಲ್ಲರೂ ಸಾಲ ಮಾಡಿ ಮನೆ ಕೊಂಡವರು. ಕಾಮನ್ ಮೀಟರಿನ ಬಿಲ್ಲು ಏರುತ್ತಲೇ ಇದೆ. ಸೋಲಾರ್ ಹಾಕಿಸಿದರೆ ಸಾಕೇ?

ಉತ್ತರ: ಹಾಕಿಸಿ, ಆದರೆ ಕೊನೆಗೆ. ನಿಮ್ಮಂಥ ಕಟ್ಟಡಗಳಲ್ಲಿ ಕಾಮನ್ ಮೀಟರನ್ನು ಹೆಚ್ಚು ಓಡಿಸುವುದು ನೀರು. ಒಬ್ಬರಿಗೆ ದಿನಕ್ಕೆ 135 ಲೀಟರಿನ ಲೆಕ್ಕದಲ್ಲಿ, ಮನೆಗೆ ನಾಲ್ವರಂತೆ 160 ಜನರಿಗೆ 21,600 ಲೀಟರ್ ಬೇಕು. ಬೋರ್‌ವೆಲ್‌ನಲ್ಲಿ ನೀರಿನ ಮಟ್ಟ 800 ಅಡಿಗೆ ಇಳಿದಿದ್ದರೆ ಸಾವಿರ ಲೀಟರ್ ಎತ್ತಲು ಒಂದೂವರೆ ಯೂನಿಟ್‌ಗೂ ಹೆಚ್ಚು ಬೇಕು. ಪೂರಾ ಬೋರ್ ನೀರನ್ನೇ ನಂಬಿದ್ದರೆ ದಿನಕ್ಕೆ ಸುಮಾರು 35 ಯೂನಿಟ್ ಅಲ್ಲೇ ಹೋಯಿತು.

ಸಂಪಿನ ಮೋಟಾರನ್ನು ನೀವೇ ಪರೀಕ್ಷಿಸಬಹುದು. ಮಧ್ಯಾಹ್ನ ಸಂಪಿಗೆ ನೀರು ಬರುವುದನ್ನು ನಿಲ್ಲಿಸಿ, ಲಿಫ್ಟು, ಲೈಟು ಆಫ್ ಮಾಡಿ. ಕೋಲು ಇಳಿಬಿಟ್ಟು ನೀರಿನ ಆಳ ಗುರುತು ಹಾಕಿ, ಮೀಟರ್ ರೀಡಿಂಗ್ ಬರೆದುಕೊಂಡು ಮೋಟಾರನ್ನು ಒಂದು ಗಂಟೆ ಓಡಿಸಿ, ಎರಡನ್ನೂ ಮತ್ತೆ ನೋಡಿ. ಸಂಪು 3 ಮೀಟರ್ ಅಗಲ, 4 ಮೀಟರ್ ಉದ್ದ ಇದ್ದರೆ ಪ್ರತಿ 10 ಸೆಂಟಿಮೀಟರ್ ಇಳಿತ ಅಂದರೆ 1,200 ಲೀಟರ್. ಐದು ಅಂತಸ್ತಿಗೆ ಸಾವಿರ ಲೀಟರಿಗೆ 0.15ರಿಂದ 0.2 ಯೂನಿಟ್ ಆದರೆ ಪಂಪು ಚೆನ್ನಾಗಿದೆ. ಅದರ ಎರಡರಷ್ಟು ಬಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆದಿರಬೇಕು, ವಾಲ್ವು ಅರ್ಧ ಮುಚ್ಚಿರಬೇಕು, ಇಲ್ಲವೇ ಬೇಕಾದ್ದಕ್ಕಿಂತ ದೊಡ್ಡ ಮೋಟಾರು ಕೂರಿಸಿರಬೇಕು. ಮೋಟಾರು ಆಫ್ ಮಾಡಿದ ಮೇಲೂ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿಯುವ ಸದ್ದು ಕೇಳಿದರೆ ನಾನ್‌ರಿಟರ್ನ್ ವಾಲ್ವು (ನೀರು ಹಿಂದಕ್ಕೆ ಬರದಂತೆ ತಡೆಯುವುದು) ಕೆಟ್ಟಿದೆ. ಎತ್ತಿದ ನೀರನ್ನೇ ಮತ್ತೆ ಎತ್ತುತ್ತಿದ್ದೀರಿ. ಓವರ್‌ಹೆಡ್ ಟ್ಯಾಂಕು ತುಂಬಿ ಹರಿಯುವುದೂ ಇಷ್ಟೇ ನಷ್ಟ. ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲಿಸುವ ಫ್ಲೋಟ್ ಸ್ವಿಚ್ಚಿಗೆ ಉಪ್ಪು ಕಟ್ಟಿ ಅದು ಸಿಕ್ಕಿಕೊಳ್ಳುತ್ತದೆ, ಟ್ಯಾಂಕು ತೊಳೆಯುವಾಗಲೆಲ್ಲ ಅದನ್ನೂ ಕೆರೆಸಿ.

ಆಮೇಲೆ ನಲ್ಲಿಗಳು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್‌ಗಳಿಗೂ ಏರಿಯೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ, ನಲ್ಲಿಯ ತುದಿಗೆ ಹಾಕುವ ಜಾಲರಿ) ಕಡ್ಡಾಯ ಮಾಡಿತು. ಮಾಮೂಲಿ ನಲ್ಲಿ ನಿಮಿಷಕ್ಕೆ 10 ಲೀಟರಿಗೂ ಹೆಚ್ಚು ಸುರಿಸುತ್ತದೆ. ವಾಶ್‌ಬೇಸಿನ್‌ಗೆ 3 ಲೀಟರಿನದು, ಅಡುಗೆಮನೆ ಸಿಂಕಿಗೆ 5–6 ಲೀಟರಿನದು ಹಾಕಿಸಿ. ಬಕೆಟ್ ತುಂಬಿಸುವ ನಲ್ಲಿಗೆ ಮಾತ್ರ ಬೇಡ: ಬಕೆಟ್ಟಿಗೆ ಬೇಕಾದಷ್ಟು ನೀರು ಬೇಕೇ ಬೇಕು, ಕಾಯುವುದೊಂದು ಜಾಸ್ತಿ. ಬೋರ್ ನೀರಿನ ಉಪ್ಪಿಗೆ ಏರಿಯೇಟರ್ ಜಾಲರಿ ಕಟ್ಟಿಕೊಳ್ಳುತ್ತದೆ. ಆಗ ಜನ ಅದನ್ನು ಬಿಚ್ಚಿ ಎಸೆಯುತ್ತಾರೆ. ರಾತ್ರಿ ನಿಂಬೆರಸದಲ್ಲಿ ನೆನೆಹಾಕಿ ಬ್ರಷ್‌ನಿಂದ ಉಜ್ಜಿದರೆ ಸರಿಹೋಗುತ್ತದೆ ಎಂದು ಮನೆಮನೆಗೂ ಹೇಳಿ.

ಮೆಟ್ಟಿಲು, ಪಾರ್ಕಿಂಗ್‌ನಲ್ಲಿ ಹಳೆಯ 40 ವಾಟ್ ಟ್ಯೂಬ್‌ಲೈಟ್ ಇನ್ನೂ ಇದ್ದರೆ ಚೋಕ್ ಸೇರಿ 50 ವಾಟ್ ಎಳೆಯುತ್ತದೆ. 20 ವಾಟ್ ಎಲ್‌ಇಡಿ ಹಾಕಿಸಿ, ಅದರಲ್ಲಿ ಯೋಚಿಸುವುದೇನೂ ಇಲ್ಲ.

ಈಗ ಸೋಲಾರ್. ಬಳಕೆ ಇಳಿದ ಮೇಲಿನ ಬಿಲ್ಲು ನೋಡಿ ಅಳತೆ ನಿಗದಿ ಮಾಡಿದರೆ ಚಿಕ್ಕ ಪ್ಲಾಂಟೇ ಸಾಕಾಗುತ್ತದೆ. ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ 100 ಚದರಡಿ ತಾರಸಿ ಬೇಕು. ಬೆಂಗಳೂರಿನ ಬಿಸಿಲಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಕಾಮನ್ ಬಳಕೆಗಾಗಿ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನವಿದೆ, ಆದರೆ ಪ್ಯಾನೆಲ್ಲಿನ ಸೆಲ್ಲುಗಳೂ ಭಾರತದಲ್ಲೇ ತಯಾರಾಗಿರಬೇಕು. ಕೊಟೇಶನ್ನಿನಲ್ಲಿ ಇದನ್ನು ಬರೆಸಿಕೊಳ್ಳದೆ ಅಡ್ವಾನ್ಸ್ ಕೊಡಬೇಡಿ. ಟ್ಯಾಂಕಿನ ಉತ್ತರ ಬದಿಯಲ್ಲಿ ಪ್ಯಾನೆಲ್ ಕೂರಿಸಲು ಒಪ್ಪಬೇಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಟ್ಯಾಂಕಿನ ನೆರಳು ಅಲ್ಲೇ ಬೀಳುತ್ತದೆ, ಒಂದೆರಡು ಪ್ಯಾನೆಲ್ ಮುಚ್ಚಿದರೂ ಆ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಪ್ಯಾನೆಲ್ ತೊಳೆಯಲು ಹಿಡಿದಿಟ್ಟ ಮಳೆನೀರು ಬಳಸಿ. ಬೋರ್ ನೀರು ಆರಿದ ಮೇಲೆ ಗಾಜಿನ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ.