ಮೊದಲ ನಮಸ್ಕಾರ ಯಾರಿಗೆ?

ಜಯನಗರದ ಕಡೆ ನಾನು ಜೂಡೋ ಹೇಳಿಕೊಡುತ್ತೇನೆ. ಮಗುವನ್ನು ಸೇರಿಸಲು ಬರುವ ಅಪ್ಪ ಅಮ್ಮ ಸಾಮಾನ್ಯವಾಗಿ ಮೊದಲು ಹೇಳುವುದೇ, "ಸರ್ ಕಾಲಿಗೆ ನಮಸ್ಕಾರ ಮಾಡು" ಅಂತ. ನಾನು ಆ ಮಗುವನ್ನು ತಡೆದು, ಪಕ್ಕದಲ್ಲಿ ನಿಂತ ಇನ್ನೊಂದು ಮಗುವಿನ ಕಡೆ ತಿರುಗಿಸುತ್ತೇನೆ. ಮೊದಲ ನಮಸ್ಕಾರ ಅಲ್ಲಿಗೆ.

ಜೂಡೋದಲ್ಲಿ ಎಸೆಯುವವರು ತೋರಿ, ಬೀಳುವವರು ಉಕೆ. ಒಂದು ಪಟ್ಟು ಮೈಗೆ ಹತ್ತಬೇಕಾದರೆ ನೂರಾರು ಸಲ ಎಸೆಯಬೇಕು. ಅಷ್ಟೂ ಸಲ ಯಾರೋ ಒಬ್ಬರು ತಮ್ಮ ಬೆನ್ನು, ಕುತ್ತಿಗೆಯನ್ನು ನಂಬಿ ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಸೊಂಟ ಬಗ್ಗಿಸಿ ಮಾಡುವ 'ರೇ' ಅನ್ನುವ ನಮಸ್ಕಾರ ಅದಕ್ಕೇ. "ನಿನ್ನ ಮೈ ಜೋಪಾನ ಮಾಡ್ತೀನಿ" ಅಂತ ಮಾತು ಕೊಟ್ಟ ಹಾಗೆ. 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಅನ್ನುವ ಜೂಡೋ ಶಾಲೆ ಶುರು ಮಾಡಿದ ಜಿಗೊರೊ ಕಾನೊ, ಜಪಾನಿನ ಹಳೆಯ ಕಾದಾಟದ ವಿದ್ಯೆ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಜೋಡಿ ಅಭ್ಯಾಸದಿಂದ ದೂರ ಇಟ್ಟರು. ಇಬ್ಬರೂ ಪೂರ್ತಿ ಬಲ ಹಾಕಿ ಆಡಬೇಕು, ಇಬ್ಬರೂ ನಾಳೆ ಮತ್ತೆ ಬರಬೇಕು, ಅಲ್ವಾ? ಅವರ 'ಜಿತಾ ಕ್ಯೋಯೇ' ಅನ್ನುವ ಮಾತಿನ ಅರ್ಥವೂ ಅದೇ: ನಾನೂ ಬೆಳೆಯಬೇಕು, ನೀನೂ ಬೆಳೆಯಬೇಕು. ನಮ್ಮ ಪೇಟೆಯ ಹಳೇ ಗರಡಿಮನೆಗಳಲ್ಲೂ ಆಂಜನೇಯನಿಗೆ ಕೈಮುಗಿದು, ಮಟ್ಟಿಯ (ಕುಸ್ತಿ ಅಖಾಡದ) ಮಣ್ಣು ಹಣೆಗೆ ಒತ್ತಿಕೊಂಡು, ಜೋಡಿಯ ಕೈ ಮುಟ್ಟಿಯೇ ಪೈಲ್ವಾನರು ಹಿಡಿತಕ್ಕೆ ಇಳಿಯುವುದು.

ಮರ್ಯಾದೆ ನಿಜವಾಗಿ ಗೊತ್ತಾಗುವುದು ಟ್ಯಾಪ್ ಬಿದ್ದಾಗ. ಎದುರಿನವರು "ಸಾಕು, ಬಿಡು" ಅಂತ ಕೈಯಿಂದ ಎರಡು ಸಲ ತಟ್ಟಿದರೆ ಆ ಕ್ಷಣವೇ ಬಿಡಬೇಕು. ಕುತ್ತಿಗೆ ಪಟ್ಟು ಸರಿಯಾಗಿ ಕೂತರೆ ಮಿದುಳಿಗೆ ಹೋಗುವ ರಕ್ತ ನಿಂತು, ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಮೊಣಕೈ ಪಟ್ಟಿನಲ್ಲಿ ಅಷ್ಟು ಹೊತ್ತೂ ಸಿಗುವುದಿಲ್ಲ. ಕಲಿಯುವ ಕಾಲದಲ್ಲಿ ನಾನೇ ಒಮ್ಮೆ, ಗೆಲ್ಲುವ ಹಟದಲ್ಲಿ, ಗೆಳೆಯ ತಟ್ಟಿದ ಮೇಲೂ ಒಂದು ಗಳಿಗೆ ಕೈ ಬಿಡಲಿಲ್ಲ. ಅವನ ಮೊಣಕೈ ಊದಿತು. ವಾರಗಟ್ಟಲೆ ಅವನು ಮ್ಯಾಟ್ ಹತ್ತಲಿಲ್ಲ. ವಾಪಸ್ ಬಂದ ದಿನ ನನ್ನೆದುರೇ ನಿಂತು ಬಗ್ಗಿದ. ಆ ನಮಸ್ಕಾರ ನನಗೆ ಇವತ್ತಿಗೂ ಭಾರ.

ಉಳಿದದ್ದು ಸಣ್ಣಪುಟ್ಟದ್ದು, ಆದರೆ ಬಿಡುವಂಥದ್ದಲ್ಲ. ಉಗುರು ಕತ್ತರಿಸಿರಬೇಕು. ಬರಿಗಾಲಲ್ಲಿ ಟಾಯ್ಲೆಟ್‌ಗೆ ಹೋಗಿ ಹಾಗೇ ಮ್ಯಾಟ್ ಹತ್ತಬಾರದು, ಹುಳುಕಡ್ಡಿ ಎಲ್ಲರಿಗೂ ಅಂಟುತ್ತದೆ. ಜೂಡೋ ಬಟ್ಟೆ ದಪ್ಪ, ಬೆಂಗಳೂರಿನ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಆಗುವುದಾದರೆ ಎರಡು ಜೊತೆ ಇಟ್ಟುಕೊಳ್ಳಿ. ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾದರೆ ಗಾಬರಿ ಬೇಡ, ಮ್ಯಾಟ್ ಅಂಚಿನಲ್ಲಿ ಕೂತು ಕರೆಯುವವರೆಗೆ ಕಾಯಿರಿ. ಬೆಲ್ಟ್ ಮೇಲಾದಷ್ಟೂ ಕೆಳಗಿನವರನ್ನು ಮೆತ್ತಗೆ ಇಳಿಸುವ ಹೊಣೆ ಜಾಸ್ತಿ. ಹೊಸಬರನ್ನು ಸುಮ್ನೆ ಬಲ ತೋರಿಸಲು ಎಸೆಯುವ ಬ್ಲ್ಯಾಕ್ ಬೆಲ್ಟ್‌ಗಳನ್ನು ನಾನು ಅಂದಿನ ಮಟ್ಟಿಗೆ ಮ್ಯಾಟ್‌ನಿಂದ ಇಳಿಸಿಬಿಡುತ್ತೇನೆ.

ಇದು ಗುರುವಿಗೂ ಅನ್ವಯಿಸುತ್ತದೆ. ಪಟ್ಟು ತೋರಿಸಲು ಮಗುವನ್ನು ಮುಟ್ಟುವ ಮೊದಲು ಕೇಳುತ್ತೇನೆ. ಅದು ತಟ್ಟಿದರೆ ನಾನೂ ತಕ್ಷಣ ಬಿಡುತ್ತೇನೆ. ಸೇರಿಸುವ ಮುಂಚೆ ಒಂದು ದಿನ ಕೂತು ತರಗತಿ ನೋಡಿ. "ತಟ್ಟಬೇಡ, ತಡ್ಕೋ" ಅನ್ನುವ ಮಾತು ಗುರುವಿನ ಬಾಯಲ್ಲಿ ಬಂದರೆ, ಮಗುವಿನ ಕೈ ಹಿಡಿದು ಅವತ್ತೇ ಅಲ್ಲಿಂದ ಹೊರಡಿ.