ಬೇರಿನ ಫಂಗಸ್ಸು ಎಣ್ಣೆ ತಿನ್ನಲ್ಲ ಸ್ವಾಮಿ

ಕ್ರೂಡ್ ಆಯಿಲ್ ಚೆಲ್ಲಿ ಹಾಳಾದ ಮಣ್ಣಿಗೆ ಬೇರಿನ ಫಂಗಸ್ ಹಾಕಿಬಿಟ್ರೆ ಅದು ಎಣ್ಣೆನೆಲ್ಲಾ ನೆಕ್ಕಿ ಖಾಲಿ ಮಾಡುತ್ತೆ ಅಂತ ಹೇಳೋರಿದಾರೆ, ಜೊತೆಗೊಂದು ಅಣಬೆ ಫೋಟೋ ಬೇರೆ. ಆ ಅಣಬೆ ಮರ ಕೊಳೆಸೋ ಜಾತಿದು. ಮರಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಅನ್ನೋ ಅಂಶ ಒಡೆಯೋ ಕಿಣ್ವದಲ್ಲೇ ಅದು ಎಣ್ಣೆಯ ಕೆಲವು ಗಟ್ಟಿ ಅಣುಗಳನ್ನೂ ಒಡೆಯುತ್ತೆ, ಒಪ್ಪಿದೆ.

ಬೇರಿನ ಫಂಗಸ್ಸಿನದು ಬೇರೆ ಕಥೆ, ಅದು ಗಿಡದ ಬೇರಲ್ಲೇ ಸೇರ್ಕೊಂಡು ಬದುಕೋದು. ನಮ್ಮ ರೈತರು ವ್ಯಾಮ್ ಅಂತ ತಂದು ಸಸಿ ಗುಂಡಿಗೆ ಹಾಕ್ತಾರಲ್ಲ, ಅದು (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಇದರ ಮೇಲೇ ವರ್ಷಗಟ್ಟಲೆ ಕೂತಿದ್ರು). ತಮಾಷೆ ಏನಂದ್ರೆ ಇದಕ್ಕೆ ತನ್ನ ಮೈಗೆ ಬೇಕಾದ ಕೊಬ್ಬನ್ನೇ ಸ್ವಂತ ಮಾಡ್ಕೊಳಕ್ಕೆ ಬರಲ್ಲ! ಸಕ್ಕರೆ ಗಿಡದ್ದು, ಕೊಬ್ಬೂ ಗಿಡದ್ದೇ ಅಂತ 2017ರಲ್ಲಿ ಗೊತ್ತಾಯ್ತು. ಇಂಥದ್ದು ಹೋಗಿ ಪೆಟ್ರೋಲಿಯಂ ಜೀರ್ಣಿಸುತ್ತಾ?

ಎಣ್ಣೆ ತಿನ್ನೋದು ಬ್ಯಾಕ್ಟೀರಿಯಾ, ಅವು ಮಣ್ಣಲ್ಲಿ ಮೊದಲಿಂದ್ಲೂ ಇರ್ತವೆ. ಆದ್ರೆ ಎಣ್ಣೆ ಅಂದ್ರೆ ಹೆಚ್ಚುಕಮ್ಮಿ ಬರೀ ಕಾರ್ಬನ್ನು, ಹೈಡ್ರೋಜನ್ನು. ಎಲೆ ತುಂಬಾ ಅನ್ನ ಸುರಿದು ಸಾರೂ ಇಲ್ಲ ಉಪ್ಪೂ ಇಲ್ಲ ಅಂದ್ರೆ ಎಷ್ಟು ತುತ್ತು ಇಳಿಯುತ್ತೆ ಹೇಳಿ? 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಒಡೆದಾಗ ದಡಕ್ಕೆ ನೈಟ್ರೋಜನ್, ಫಾಸ್ಪರಸ್ ಗೊಬ್ಬರ ಹಾಕಿದ್ದು ಇದಕ್ಕೇ. ಮಣ್ಣಲ್ಲಾದ್ರೆ ಇರೋ ಚೂರುಪಾರು ನೈಟ್ರೋಜನ್, ಫಾಸ್ಪರಸ್ಸಿಗಾಗಿ ಗಿಡಕ್ಕೂ ಬ್ಯಾಕ್ಟೀರಿಯಾಕ್ಕೂ ಕಿತ್ತಾಟ, ಮೇಲಿಂದ ಎಣ್ಣೆ ಮೆತ್ಕೊಂಡ ಮಣ್ಣಿಗೆ ನೀರೂ ಇಳಿಯಲ್ಲ, ಗಿಡ ಒಣಗುತ್ತೆ.

ಫಂಗಸ್ಸಿನ ಕೆಲಸ ಇಲ್ಲಿ. ಅದರ ಎಳೆ ಬೇರಿನ ರೋಮಕ್ಕಿಂತ ಸಣ್ಣ, ಬೇರು ನುಗ್ಗದ ಸಂದಿಗೂ ನುಗ್ಗಿ ನೀರು, ಫಾಸ್ಪರಸ್ ತಂದು ಗಿಡನ ಉಳಿಸುತ್ತೆ. ಉಳಿದ ಗಿಡ ಬೇರಿಂದ ಸಕ್ಕರೆ ಒಸರಿಸುತ್ತೆ, ಮಣ್ಣು ಸಡಿಲ ಮಾಡಿ ಗಾಳಿ ಬಿಡುತ್ತೆ, ಬ್ಯಾಕ್ಟೀರಿಯಾ ಅಲ್ಲೇ ಬೀಡುಬಿಡ್ತವೆ. ಮದುವೆಮನೇಲಿ ಉಣ್ಣೋರು ಅವು, ಅಡುಗೆ ಗಿಡದ್ದು, ಫಂಗಸ್ಸು ನೀರು ಹೊರೋ ಆಳು. ಇನ್ನೊಂದು, ಒಣ ಮಣ್ಣಿನ ಸಂದಿ ದಾಟಕ್ಕೆ ಬ್ಯಾಕ್ಟೀರಿಯಾಕ್ಕೆ ಆಗಲ್ಲ, ಫಂಗಸ್ಸಿನ ಎಳೆ ಸುತ್ತ ಇರೋ ತೆಳು ನೀರಿನ ಪೊರೆಯಲ್ಲಿ ಈಜ್ಕೊಂಡು ಹೋಗ್ತವೆ, ಗದ್ದೆ ಬದುವಿನ ಮೇಲೆ ನಾವು ಹೋಗಲ್ವಾ ಹಾಗೆ.

ಬೇರಿಗೂ ಫಂಗಸ್ಸಿಗೂ ಇರೋ ಈ ಸಂಬಂಧಕ್ಕೆ ಮೈಕೊರೈಜಾ ಅಂತ ಹೆಸರಿಟ್ಟಿದ್ದು 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್. ಪ್ರಷ್ಯಾದವರು ಅವನಿಗೆ ಹೇಳಿದ್ದು ಟ್ರಫಲ್ ಅಣಬೆ ಬೆಳೆಯೋಕಾಗುತ್ತಾ ನೋಡು ಅಂತ!

ಹಾಗಂತ ಎಲ್ಲಾ ಕಡೆ ನಡೆಯಲ್ಲ. ಎಣ್ಣೆ ವಿಪರೀತ ಇದ್ರೆ ಫಂಗಸ್ಸಿನ ಬೀಜಾಣುನೇ ಮೊಳೆಯಲ್ಲ. ಆಳದ ಪ್ರಶ್ನೆನೂ ಇದೆ. ನೈಜೀರಿಯಾದ ಓಗೋನಿಲ್ಯಾಂಡಲ್ಲಿ 2011ರ ವಿಶ್ವಸಂಸ್ಥೆ ವರದಿ ಪ್ರಕಾರ ಎಷ್ಟೋ ಕಡೆ ಎಣ್ಣೆ 5 ಮೀಟರ್ ಆಳಕ್ಕೂ ಇಳಿದಿದೆ, ಹುಲ್ಲಿನ ಬೇರು ಅಲ್ಲಿವರೆಗೆ ಎಲ್ಲಿ ಹೋಗುತ್ತೆ? ಅಲ್ಲಿ ಮೊದಲು ಜೆಸಿಬಿನೇ ಬೇಕು.