ನಾಯಿಗೆ ಮನೆ ಹುಡುಕಿಕೊಡುವ ಪುಟ

ಪ್ರಾಣಿಗಳ ಆಶ್ರಯತಾಣದಲ್ಲಿ ಒಂದು ಕಪ್ಪು ನಾಯಿ ಇದೆ ಅಂದುಕೊಳ್ಳಿ. ಸಾಕುವ ಮನಸ್ಸಿರುವವರು ಎಷ್ಟೋ ಸಲ ಅದನ್ನು ಮೊದಲು ನೋಡುವುದು ಫೋನಿನಲ್ಲಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಫೋಟೊದಲ್ಲಿ. ಅಲ್ಲಿ ನಾಯಿ ಬರೀ ಕಪ್ಪು ಮುದ್ದೆಯ ಹಾಗೆ ಕಂಡರೆ ಬೆರಳು ಮುಂದಕ್ಕೆ ಸರಿದುಬಿಡುತ್ತದೆ. ದತ್ತು ವೆಬ್‌ಸೈಟ್ ಮಾಡುವವರು ಬಣ್ಣ, ಬಟನ್ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಈ ಫೋಟೊದ ಬಗ್ಗೆ ಯೋಚಿಸಬೇಕು.

ಕಪ್ಪು ನಾಯಿ ಮುದ್ದೆಯಾಗುವುದು ಯಾಕೆ? ಕ್ಯಾಮೆರಾ ಇಡೀ ದೃಶ್ಯದ ಬೆಳಕನ್ನು ಅಳೆದು, ಎಷ್ಟು ಒಳಗೆ ಬಿಡಬೇಕು ಅಂತ ತೀರ್ಮಾನಿಸುತ್ತದೆ. ಹಿಂದೆ ಬಿಳಿ ಗೋಡೆಯೋ ಬಿಸಿಲೋ ಇದ್ದರೆ ಬೆಳಕು ಜಾಸ್ತಿಯಾಯಿತೆಂದು ಕಡಿಮೆ ಮಾಡುತ್ತದೆ. ಆಗ ಕಪ್ಪು ಕೂದಲಿನಲ್ಲಿ ಕಣ್ಣು, ಮೂಗು ಎಲ್ಲ ಮುಳುಗಿಹೋಗುತ್ತವೆ. ಫ್ಲ್ಯಾಶ್ ಹಾಕಿದರೆ ಇನ್ನೊಂದು ತೊಂದರೆ. ನಾಯಿ, ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಟಪೀಟಮ್ ಎಂಬ ಪದರ ಇರುತ್ತದೆ. ಅದರಿಂದ ಕಣ್ಣು ಹಸಿರಾಗಿಯೋ ಹಳದಿಯಾಗಿಯೋ ಹೊಳೆದು, ಪಾಪದ ನಾಯಿಯೂ ಭಯ ಹುಟ್ಟಿಸುತ್ತದೆ. ಅದನ್ನು ನೆರಳಿಗೆ ಕರೆದುಕೊಂಡು ಬನ್ನಿ. ಮಂಡಿಯೂರಿ ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಫೋನಿನ ಪರದೆಯಲ್ಲಿ ಅದರ ಮುಖದ ಮೇಲೆ ಒಮ್ಮೆ ಒತ್ತಿ. ಕ್ಯಾಮೆರಾ ಈಗ ಮುಖಕ್ಕೆ ತಕ್ಕಂತೆ ಬೆಳಕು ಹೊಂದಿಸಿಕೊಳ್ಳುತ್ತದೆ.

ಆ ಕಣ್ಣು ಕಾಣಲೇಬೇಕು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಆಶ್ರಯತಾಣದ ನಾಯಿಗಳ ಮುಖಭಾವವನ್ನು ವಿಡಿಯೊ ಮಾಡಿ ನೋಡಿದ್ದರು. ಹುಬ್ಬಿನ ಒಳತುದಿಯನ್ನು ಹೆಚ್ಚು ಸಲ ಮೇಲೆತ್ತುವ ನಾಯಿಗಳಿಗೆ ಬೇಗ ಮನೆ ಸಿಕ್ಕಿತ್ತು. ಹುಬ್ಬು ಎತ್ತಿದಾಗ ಕಣ್ಣು ಎಳೆ ಮಗುವಿನದರಂತೆ ದೊಡ್ಡದಾಗಿ ಕಾಣುತ್ತದೆ. ಹಾಗೆ ಎತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು 2019ರ ಇನ್ನೊಂದು ಅಧ್ಯಯನ ತೋರಿಸಿತು. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿ ನಾಯಿ ಗಳಿಸಿಕೊಂಡ ಆ ನೋಟವನ್ನು ನಾವು ಒಂದು ಕೆಟ್ಟ ಫೋಟೊದಲ್ಲಿ ಕಳೆದುಬಿಡುತ್ತೇವೆ. ನನಗೆ ನಿಜಕ್ಕೂ ಸಂಕಟ ಆಗುವುದು ಇಲ್ಲೇ.

ಫೋಟೊದ ಕೆಳಗಿನ ಮಾತು? ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ತಳಿಯ ಹೆಸರು ಇರುತ್ತದೆ. ಹುಡುಕುವ ಫಿಲ್ಟರ್‌ನಲ್ಲೂ ಅದೇ ಮೊದಲು. ಆದರೆ ಬೀದಿಯಿಂದ ಬಂದ ಮಿಶ್ರತಳಿ ನಾಯಿಗೆ ಸಿಬ್ಬಂದಿ ಆ ಹೆಸರು ಕೊಡುವುದು ಸುಮ್ನೆ ಕಣ್ಣಂದಾಜಿನಲ್ಲಿ. ಡಿಎನ್‌ಎ ಪರೀಕ್ಷೆ ಮಾಡಿ ನೋಡಿದಾಗ ಆ ಅಂದಾಜು ಎಷ್ಟೋ ಸಲ ತಪ್ಪಿದೆ. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಲೀಸಾ ಗಂಟರ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದರೆ ಇದರ ಬಿಸಿ ತಟ್ಟುತ್ತದೆ. ಜನ ಹೆದರುವ ಪಿಟ್‌ಬುಲ್ ತಳಿಯ ಹಣೆಪಟ್ಟಿ ಬಿದ್ದ ನಾಯಿಗಳು, ನೋಡಲು ತಮ್ಮಂತೆಯೇ ಇದ್ದು ಬೇರೆ ಹೆಸರು ಪಡೆದ ನಾಯಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು ಕಾಲ ಕಾಯಬೇಕಾಗಿತ್ತು. ಮುಖ ಅದೇ, ಪದ ಮಾತ್ರ ಬೇರೆ! ತಳಿಯ ಹೆಸರನ್ನೇ ತೆಗೆದುಹಾಕಿದ ಒಂದು ಆಶ್ರಯತಾಣದಲ್ಲಿ ದತ್ತು ಹೋಗುವ ನಾಯಿಗಳು ಹೆಚ್ಚಾದವು, ಕಾಯುವ ದಿನಗಳು ಕಡಿಮೆಯಾದವು.

ನಾನಾದರೆ ತಳಿಯ ಫಿಲ್ಟರ್ ಇಡುವುದಿಲ್ಲ. ಅದರ ಜಾಗದಲ್ಲಿ ನಿಮ್ಮ ಮನೆಯ ಬಗ್ಗೆ ಕೇಳುತ್ತೇನೆ. ಚಿಕ್ಕ ಮಕ್ಕಳಿದ್ದಾರಾ? ಬೆಕ್ಕು ಇದೆಯಾ? ಹಗಲು ಎಷ್ಟು ಹೊತ್ತು ಮನೆ ಖಾಲಿ ಇರುತ್ತದೆ? ವಿವರಣೆಯೂ ಹಾಗೇ ಇರಲಿ. ‘ಮುದ್ದಾದ, ಪ್ರೀತಿಯ ನಾಯಿ’ ಅಂದರೆ ಏನೂ ತಿಳಿಯುವುದಿಲ್ಲ, ಅಲ್ವಾ? ‘ಗುಡುಗಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಹತ್ತಿರ ಕೂತರೆ ಸಮಾಧಾನ ಆಗುತ್ತದೆ’ ಎಂದು ಬರೆದರೆ ಒಂದು ಜೀವ ಕಣ್ಣಿಗೆ ಕಟ್ಟುತ್ತದೆ. ತೊಂದರೆಯನ್ನು ಮುಚ್ಚಿಡಬಾರದು. ಮನೆಗೆ ಹೋದ ಮೇಲೆ ಗೊತ್ತಾದರೆ ನಾಯಿ ವಾಪಸ್ ಬರಬಹುದು.

ಇನ್ನು ಪುಟ ಎಲ್ಲರಿಗೂ ಓದಲು ಬರಬೇಕು. ವೆಬ್‌ನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಇರಬೇಕು. ತೆಳು ಬೂದು ಅಕ್ಷರ ಚೆಂದ ಕಾಣಬಹುದು, ವಯಸ್ಸಾದವರ ಕಣ್ಣಿಗೆ ಕಷ್ಟ. ‘ದತ್ತು ಆಗಿದೆ’ ಎನ್ನುವುದನ್ನು ಬರೀ ಕೆಂಪು ಚುಕ್ಕೆಯಲ್ಲಿ ಹೇಳಬೇಡಿ. ಕೆಂಪು, ಹಸಿರು ಬೇರೆ ಮಾಡಲಾಗದವರೂ ಇದ್ದಾರೆ. ಪದದಲ್ಲೇ ಬರೆಯಿರಿ.

ಕೊನೆಗೆ ಅರ್ಜಿ. ಮೂರು ಪುಟದ ಪ್ರಶ್ನೆಗಳನ್ನು ಮೊದಲೇ ಕೇಳಿದರೆ ಒಳ್ಳೆಯವರೂ ಅರ್ಧಕ್ಕೆ ಬಿಡುತ್ತಾರೆ. ಹೆಸರು, ಫೋನ್, ಬಂದು ನೋಡುವ ದಿನ, ಇಷ್ಟು ಸಾಕು. ಉಳಿದದ್ದನ್ನು ಎದುರಿಗೆ ಕೂತು ಮಾತಾಡಬಹುದು. ಯಾಕೆಂದರೆ ನಿಜವಾದ ತೀರ್ಮಾನ ಆಗುವುದು ಆ ಭೇಟಿಯಲ್ಲೇ. ಜನ ಒಂದು ನಾಯಿಯ ಜೊತೆ ಕಳೆಯುವುದು ಸರಾಸರಿ ಸುಮಾರು 8 ನಿಮಿಷ ಎಂದು 2014ರಲ್ಲಿ ಸಂಶೋಧಕರಾದ ಅಲೆಕ್ಸಾಂಡ್ರಾ ಪ್ರೊಟೊಪೊಪೊವಾ ಮತ್ತು ಕ್ಲೈವ್ ವಿನ್ ಕಂಡುಕೊಂಡರು. ಆಟಕ್ಕೆ ಕರೆದಾಗ ಬರುವ, ಪಕ್ಕದಲ್ಲಿ ಮಲಗುವ ನಾಯಿಗೆ ಮನೆ ಸಿಗುವ ಸಾಧ್ಯತೆ ಹೆಚ್ಚು. ಹಾಗಾದರೆ ನಾಯಿಗೆ ಯಾವ ಆಟ ಇಷ್ಟ ಎನ್ನುವ ಒಂದು ಸಾಲು ಪುಟದಲ್ಲಿ ಇರಲೇಬೇಕು. ಕಪ್ಪು ನಾಯಿಗೆ ಚೆಂಡು ಬೇಡ, ಎಳೆದಾಡಲು ಹಗ್ಗ ಬೇಕು ಎಂದು ಓದಿಕೊಂಡವರು ಹಗ್ಗ ಹಿಡಿದೇ ಒಳಗೆ ಬರುತ್ತಾರೆ.